ಇಪ್ಪತ್ತೊಂದು ಗೀರುಗಳು

2024ರ ಫೆಬ್ರವರಿ 12, ಸೋಮವಾರ, ಬೆಳಿಗ್ಗೆ 10.20. ಹುಮನಾಬಾದಿನ ನರ್ಸರಿಯೊಂದರಲ್ಲಿ ಗಿಡಗಳ ಆರೈಕೆಗೆ ನಾನು ಸೇರಿ ಒಂದೂವರೆ ವರ್ಷವಾಗಿತ್ತು. ಬಸವಕಲ್ಯಾಣದಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಮಹಬೂಬ್ ಸಾಬರು ಹೆಂಡತಿಯ ಕೈ ಹಿಡಿದು ಬಂದರು. ಎರಡು ವರ್ಷದಿಂದ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಹೆಂಡತಿಯ ಕಂಕುಳಲ್ಲಿ ಹುಣಸೆಯ ಬೋನ್ಸಾಯ್: ಎತ್ತರ 38 ಸೆಂಟಿಮೀಟರ್, ವಯಸ್ಸು 31, ಎಲೆ ಒಂದೂ ಇಲ್ಲ.

"ದುಕಾನ ಹೋಯ್ತು, ಕಣ್ಣೂ ಹೋದ್ವು. ಕೈಗೆ ಕೆಲಸ ಅಂತ ಇದೊಂದೇ ಉಳದದ, ಬೇಟಿ," ಎಂದರು ಸಾಬರು.

"ಚಾ ಕುಡ್ಯಾದು ಮರೀತಾರ, ಇದಕ್ಕ ನೀರ್ ಹಾಕಾದು ಮರ್ಯಾಂಗಿಲ್ಲ ನೋಡವ್ವಾ," ಎಂದರು ಹೆಂಡತಿ.

ಕುಂಡದ ತಳದ ತೂತು ಮುಚ್ಚಿ, ನೀರು ನಿಂತು, ಬೇರು ಕೊಳೆತಿತ್ತು. ಕೊಳೆತದ್ದನ್ನು ಕತ್ತರಿಸಿ, ಮರಳು ಬೆರೆಸಿದ ಮಣ್ಣಿಗೆ ಬದಲಿಸಿ, ನೆರಳಿಗಿಟ್ಟೆ. ಗಿಡಕ್ಕೆ ಜೀವವಿದೆಯೇ ಎಂದು ತಿಳಿಯಲು ಚಾಕುವಿನ ತುದಿಯಿಂದ ತೊಗಟೆಯನ್ನು ತುಸು ಗೀರಿ ನೋಡುತ್ತೇವೆ. ಒಳಗೆ ಹಸಿರಿದ್ದರೆ ಇದೆ, ಕಂದಾಗಿದ್ದರೆ ಇಲ್ಲ. ಮರುದಿನ ಗೀರಿದೆ, ಹಸಿರು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅಷ್ಟು ಸಾಕಿತ್ತು. ನಾನು ದಿನವೂ ಬೆಳಿಗ್ಗೆ ಒಂಬತ್ತಕ್ಕೆ ಗೀರಿದೆ. ಕೊಂಬೆಗಳು ಕಡ್ಡಿಯಷ್ಟು ತೆಳುವಾಗಿದ್ದುದರಿಂದ ಕಾಂಡದ ಬುಡವನ್ನೇ ಆರಿಸಿಕೊಂಡಿದ್ದೆ.

ಫೆಬ್ರವರಿ 24ರಂದು ಎರಡು ಚಿಗುರು ಕಂಡವು. ಫೋನ್ ಮಾಡಿದೆ. ಸಾಬರು "ಖರೇನಾ?" ಎಂದು ಎರಡು ಸಲ ಕೇಳಿ, ಹೆಂಡತಿಯನ್ನು ಕೂಗಿದರು.

"ಇನ್ನರ ಅದನ್ನ ಬಿಡವ್ವಾ. ದಿನಾ ಇಂಜೆಕ್ಷನ್ ಮಾಡಿದಂಗ ಮಾಡಾಕತ್ತಿ," ಎಂದು ನರ್ಸರಿಯ ಮಾಲೀಕ ಶರಣಪ್ಪನವರು ನಕ್ಕರು. ನಾನೂ ನಕ್ಕೆ. ಒಂದು ದಿನ ಬಿಟ್ಟರೆ ಲೆಕ್ಕ ತಪ್ಪುತ್ತದೆ ಎನಿಸಿ ಮರುದಿನವೂ ಗೀರಿದೆ.

ಮಾರ್ಚ್ 5ರಂದು ಬೆಳಿಗ್ಗೆ ಎಂಟೂವರೆಗೇ, ನಾನು ಆ ದಿನದ ಗೀರು ಹಾಕುವ ಮುಂಚೆ, ಇಬ್ಬರೂ ಚಿಗುರು ಮುಟ್ಟಿ ನೋಡಲು ಬಂದರು. ಅವು ಒಣಗಿ ಮೂರು ದಿನವಾಗಿತ್ತು. ಹೇಳಲು ನನಗೆ ಬಾಯಿ ಬಂದಿರಲಿಲ್ಲ. ಸಾಬರ ಬೆರಳು ಕೊಂಬೆಯಿಂದ ಬುಡಕ್ಕೆ ಇಳಿಯಿತು, ನಿಂತಿತು, ನಿಧಾನವಾಗಿ ಒಂದು ಸುತ್ತು ಹಾಕಿತು.

"ಇವೇನು, ಬೇಟಿ?"

ಹೇಳಿದೆ.

"ಗಡಿಯಾರ ನಡದದೋ ಇಲ್ಲೋ ಅಂತ ದಿನಾ ಬಿಚ್ಚಿ ನೋಡಿದ್ರ, ಅದು ಹ್ಯಾಂಗ ನಡೀತದ?" ದನಿ ಏರಿರಲಿಲ್ಲ.

ಬೇರಿಗೆ ಆಹಾರ ಇಳಿಯುವುದು ತೊಗಟೆಯ ಮೂಲಕ. ನನ್ನ ಇಪ್ಪತ್ತೊಂದು ಗೀರುಗಳು ಕಾಂಡವನ್ನು ಬಳೆಯಂತೆ ಸುತ್ತಿದ್ದವು. ಇದು ತೋಟಗಾರಿಕೆ ಡಿಪ್ಲೊಮಾದಲ್ಲಿ ನಾನು ಓದಿದ್ದ ವಿಷಯವೇ. ಮಾರ್ಚ್ 19ರಂದು ಶರಣಪ್ಪನವರು ಗೀರಿ ನೋಡಿದರು, ಕಂದು. ಸಾಬರು ಒಣಗಿದ ಗಿಡವನ್ನೇ ಮನೆಗೆ ಒಯ್ದರು.

ಆರೈಕೆಯಲ್ಲಿ ಗಿಡಕ್ಕಾಗಿ ಮಾಡುವುದು ಯಾವುದು, ನನ್ನ ಸಮಾಧಾನಕ್ಕಾಗಿ ಮಾಡುವುದು ಯಾವುದು ಎಂದು ಈಗ ಮೊದಲು ಕೇಳಿಕೊಳ್ಳುತ್ತೇನೆ. ಒಂದು ಪ್ರಶ್ನೆ ಮಾತ್ರ ಉಳಿದಿದೆ. ಬೇರು ಅಷ್ಟು ಕೊಳೆತಿದ್ದ ಹುಣಸೆ, ನಾನು ಗೀರದೆ ಬಿಟ್ಟಿದ್ದರೆ ಬದುಕುತ್ತಿತ್ತೇ? ಬಲ್ಲವರು ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ಉತ್ತರ ಏನೇ ಇರಲಿ, ಬಸವಕಲ್ಯಾಣಕ್ಕೆ ಹೋಗಿ ಅವರಿಗೆ ಓದಿ ಹೇಳುತ್ತೇನೆ.