ಒಂದೇ ಕೂಗು

ಮೊನ್ನೆ ನಫೀಸಾ ಬಂದವಳು ಚೀಲದಿಂದ ಹಳೆಯ ವಾರಪತ್ರಿಕೆಯ ಒಂದು ಪುಟ ತೆಗೆದು ನನ್ನ ಕೈಗೆ ಕೊಟ್ಟಳು. ಕಾಗದ ಚಹಾದ ಬಣ್ಣಕ್ಕೆ ತಿರುಗಿದೆ, ಮಡಿಕೆ ಇದ್ದಲ್ಲೆಲ್ಲ ಹರಿದಿದೆ, ಮೂಗಿನ ಹತ್ತಿರ ತಂದರೆ ನುಸಿಗುಳಿಗೆಯ ವಾಸನೆ. ನಫೀಸಾ ಎಂದರೆ ಹಿಂದೆ ನನ್ನೊಟ್ಟಿಗೆ ಕೆಲಸ ಮಾಡಿದ ಉಮ್ಮರಬ್ಬ ಬ್ಯಾರಿಗಳ ಮಗಳು. ಈಶ್ವರಮಂಗಲದಲ್ಲಿ ಇರುವುದು, ಈಗ ಅವಳಿಗೇ ಮೊಮ್ಮಕ್ಕಳಿದ್ದಾರೆ. ಪುಟದ ತುಂಬ ನಾನು ಬರೆದ ಕಥೆ. ಮೇಲೆ ಒಂದು ಚಿತ್ರ: ಸೋಲಾ ಟೊಪ್ಪಿ ಇಟ್ಟು, ಮೊಣಕಾಲಿನವರೆಗೆ ಬೂಟು ತೊಟ್ಟು, ಬಂದೂಕಿಗೆ ಒರಗಿ ನಿಂತ ಒಬ್ಬ ದೊರೆ. ಆ ದೊರೆ ನಾನು ಎಂದರೆ ನೀವು ನಂಬಬೇಕು. ನನ್ನ ಊರು ಕುಂಬ್ರ ಬಿಟ್ಟು ಹೊರಗೆ ಹೋದದ್ದೇ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಟಯರಿನ ಚಪ್ಪಲಿ ಹಾಕಿಕೊಂಡು. ಬಂದೂಕನ್ನು ಇವತ್ತಿನವರೆಗೆ ಮುಟ್ಟಿದವನಲ್ಲ.

ಐವತ್ತರ ದಶಕ ಮುಗಿಯುತ್ತ ಬಂದ ಕಾಲ. ಕಲ್ಲುಗುಂಡಿ ಎಂಬ ಊರಿನಿಂದ ಎರಡು ಗಂಟೆ ಹತ್ತಿದರೆ ಸಿಗುವ ಒಂದು ಕಾಡಿನಲ್ಲಿ ಪುತ್ತೂರಿನ ಒಬ್ಬ ಸಾಹುಕಾರರು ಮರ ಕಡಿಯುವ ಕೂಪು ಹಿಡಿದಿದ್ದರು. ನಾನು ಅಲ್ಲಿ ರೈಟರು, ಅಂದರೆ ಗುಮಾಸ್ತ. ಏಲಕ್ಕಿ ಬೆಳೆಯುತ್ತೇನೆಂದು ಬಂದು, ಜ್ವರ ಹಿಡಿಸಿಕೊಂಡು ತನ್ನ ದೇಶಕ್ಕೆ ವಾಪಸಾದ ಬಿಳಿ ದೊರೆಯೊಬ್ಬನ ಬಂಗ್ಲೆಯೇ ನಮ್ಮ ಬಿಡಾರ. ಹೆಂಚಿನ ಮಾಡು ಅರ್ಧ ಕುಸಿದಿತ್ತು. ಉಳಿದ ಅರ್ಧದ ಕೆಳಗೆ ಒಂದು ಕಪಾಟು, ಅದರಲ್ಲಿ ದೊರೆ ಬಿಟ್ಟುಹೋದ ಇಂಗ್ಲಿಷ್ ಪುಸ್ತಕಗಳು. ಗೆದ್ದಲು ತಿಂದು ಉಳಿದದ್ದನ್ನು ನಾನು ತಿಂದೆ. ಎಲ್ಲವೂ ಒಂದೇ ಬಗೆಯ ಕಥೆಗಳು: ಆಫ್ರಿಕದ್ದೋ ಬರ್ಮದ್ದೋ ಕಾಡು, ಒಬ್ಬ ಬಿಳಿಯ, ಒಂದು ಬಂದೂಕು, ಹೊರೆ ಹೊರುವ ನಲುವತ್ತು ಆಳುಗಳು. ದಾರಿ ತಪ್ಪಿದರೆ ಹೆದರುವುದು ಆಳುಗಳು, ಬಿಳಿಯ ಹೆದರುವುದಿಲ್ಲ. ಆ ನಲುವತ್ತು ಜನರಿಗೆ ಹೆಸರು ಕೂಡ ಇರುವುದಿಲ್ಲ. ಓದುವಾಗ ನಾನು ಯಾವಾಗಲೂ ಬಿಳಿಯನೇ ಆಗಿರುತ್ತಿದ್ದೆ, ಒಂದು ಸಲವೂ ಆಳು ಆಗಲಿಲ್ಲ. ನನ್ನ ಮೈಬಣ್ಣ ಕಂಡವರು ನಗಬಹುದು, ನನಗೇನೂ ಬೇಸರವಿಲ್ಲ.

ಬಿಡಾರದಲ್ಲಿ ನನಗೆ ಹತ್ತಿರದವರು ಇಬ್ಬರು. ಒಬ್ಬರು ಕುಶಾಲಪ್ಪ ಗೌಡರು, ಸುಳ್ಯದ ಕಡೆಯವರು. ಮನೆಯಲ್ಲಿ ಅರೆಭಾಷೆ, ನನ್ನೊಟ್ಟಿಗೆ ಕನ್ನಡ. ಕಾಡಿನ ದಾರಿಗಳೆಲ್ಲ ಅವರಿಗೆ ಬಾಯಿಪಾಠ. ಇನ್ನೊಬ್ಬರು ಉಮ್ಮರಬ್ಬ ಬ್ಯಾರಿ, ಕಡಿದ ಮರಕ್ಕೆ ಟೇಪು ಹಿಡಿದು ಅಳೆಯುವವರು. ಐವತ್ತು ದಾಟಿದ ವಯಸ್ಸು, ಉಬ್ಬಸದ ಎದೆ. ನಾಲ್ಕು ಹೆಜ್ಜೆ ಹತ್ತಿ ನಿಂತರೆ ಅವರ ಉಸಿರಿನೊಳಗೆ ಒಂದು ಸಿಳ್ಳು ಕೇಳುತ್ತಿತ್ತು. ಚಹಾ ಕುಡಿಯುವಾಗ ತನ್ನ ಬೆಲ್ಲದ ತುಂಡನ್ನು ಮುರಿದು ದೊಡ್ಡ ಪಾಲನ್ನು ನನ್ನ ಕಡೆ ನೂಕುವರು. ನನಗೆ ಅವರ ಮೇಲೆ ತುಂಬ ಪ್ರೀತಿ ಇತ್ತು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದಿನದ್ದು ಕೇಳಿದ ಮೇಲೆ ಹೇಳಿದರೆ ನೀವು ನಂಬಲಿಕ್ಕಿಲ್ಲ.

ಕಾಡಿನಲ್ಲಿ ಒಬ್ಬರನ್ನೊಬ್ಬರು ಕರೆಯುವುದು ಹೆಸರು ಹಿಡಿದಲ್ಲ, ‘ಕೂ’ ಎಂದು ಕೂಗಿ. ಕೂಗಿದರೆ ಮೂರು ಸಲ ಕೂಗಬೇಕು. ಕೇಳಿದವನು ಮೂರೂ ಮುಗಿಯುವವರೆಗೆ ಕಾದು ಆಮೇಲೆ ಓಗೊಡಬೇಕು. ಒಂದೇ ಸಲ ಬಂದು ನಿಂತ ಕೂಗಿಗೆ ಮಾತ್ರ ಬಾಯಿ ಬಿಡಬಾರದು. ಅದು ಮನುಷ್ಯರದ್ದಲ್ಲ, ಓಗೊಟ್ಟವನನ್ನು ಕರೆದುಕೊಂಡು ಹೋಗುತ್ತದೆ ಎಂದು ಗೌಡರು ಮೊದಲ ದಿನವೇ ನನಗೆ ಎಚ್ಚರಿಸಿದ್ದರು. ನಾನು ಮುಖ ಆಚೆ ತಿರುಗಿಸಿ ನಕ್ಕಿದ್ದೆ. ಪುಸ್ತಕದಲ್ಲೂ ಆಳುಗಳು ಇಂಥದ್ದೇ ಏನೋ ಹೇಳುತ್ತಾರೆ, ಬಿಳಿಯ ನಗುತ್ತಾನೆ.

ಚಳಿಗಾಲದ ಒಂದು ಮಧ್ಯಾಹ್ನ ನಾನೂ ಗೌಡರೂ ಊಟ ಮುಗಿಸಿ, ಬಿದ್ದ ಮರದ ಮೇಲೆ ಕೂತು ಎಲೆಅಡಿಕೆ ಹಾಕುತ್ತಿದ್ದೆವು. ಉಮ್ಮರಬ್ಬ ಬ್ಯಾರಿ ಆಗಲೇ ಬಿಡಾರಕ್ಕೆ ಹೋಗಿದ್ದಾರೆ ಎಂದು ನಾವು ತಿಳಿದಿದ್ದೆವು. ಬಿಸಿಲು ನೆಟ್ಟಗೆ ಇಳಿಯುತ್ತಿತ್ತು, ನೆಲದ ಒಣಗಿದ ಎಲೆಗಳನ್ನು ಎಣಿಸುವಷ್ಟು ಬೆಳಕು. ಕಿವಿ ತುಂಬ ಜೀರುಂಡೆಯ ಸದ್ದು. ಅದು ಒಮ್ಮೆಲೇ ನಿಂತಿತು. ಪಡುವಣ ಇಳಿಜಾರಿನಿಂದ ಒಂದು ಕೂ ಬಂತು. ಉದ್ದವಾಗಿ ಬಂದು, ಕೊನೆಗೆ ತೆಳ್ಳಗಾಗಿ, ಹರಿದುಹೋಯಿತು.

ಗೌಡರು ನನ್ನ ತೊಡೆಯ ಮೇಲೆ ಕೈ ಇಟ್ಟು ಒತ್ತಿದರು. “ಸುಮ್ಮನೆ ಕೂತ್ಕೊಳ್ಳಿ ರೈಟ್ರೆ. ಎರಡನೇದ್ದು ಬರ್ಲಿ” ಎಂದರು.

ಎರಡನೆಯದ್ದು ಬರಲಿಲ್ಲ. ನನ್ನ ಬಾಯಿ ತೆರೆದೇ ಇತ್ತು, ಎಲೆಅಡಿಕೆಯ ರಸ ಗಲ್ಲದ ಮೇಲೆ ಇಳಿದದ್ದು ನೆನಪಿದೆ. ಓಗೊಡಬೇಕೆಂದು ಅನಿಸಿತು, ಸ್ವರ ಏಳಲಿಲ್ಲ. ಯಾರೋ ನಮ್ಮ ಉತ್ತರಕ್ಕೆ ಕಿವಿಗೊಟ್ಟು ನಿಂತಿದ್ದಾರೆ ಎಂಬ ಭಾವನೆ ಬೆನ್ನಿನ ಮೇಲೆ ಹರಿಯುತ್ತಿತ್ತು. ಜೀರುಂಡೆಗಳು ಪುನಃ ಶುರು ಮಾಡುವವರೆಗೆ ನಾವಿಬ್ಬರೂ ಅಲ್ಲಾಡಲಿಲ್ಲ. ಗೌಡರನ್ನು ದೂರುವ ಹಾಗಿಲ್ಲ, ಅವರಿಗೆ ಅದು ನಂಬಿಕೆ. ನಕ್ಕವನು ನಾನು, ಕೂತಲ್ಲೇ ಬೆವತವನೂ ನಾನೇ.

ಸಂಜೆ ಬಿಡಾರಕ್ಕೆ ಬಂದರೆ ಉಮ್ಮರಬ್ಬ ಬ್ಯಾರಿ ಇಲ್ಲ. ಗೌಡರು ನನ್ನ ಮುಖ ನೋಡಿದರು, ನಾನು ಅವರದ್ದು ನೋಡಿದೆ. ಆ ಎದೆಗೆ ಮೂರು ಸಲ ಕೂಗುವ ಉಸಿರು ಎಲ್ಲಿಂದ ಬರಬೇಕು? ಇಷ್ಟು ಸಣ್ಣ ವಿಷಯ ಮಧ್ಯಾಹ್ನ ನಮ್ಮ ತಲೆಗೆ ಹೊಳೆದಿರಲಿಲ್ಲ. ಕತ್ತಲಾಗುವವರೆಗೆ ಹುಡುಕಿದೆವು, ಬೆಳಕು ಹರಿದ ಕೂಡಲೇ ಪುನಃ ಹೊರಟೆವು. ಪಡುವಣ ಇಳಿಜಾರಿನಲ್ಲಿ, ಬ್ರಿಟಿಷರ ಕಾಲದಲ್ಲಿ ಆನೆ ಹಿಡಿಯಲು ತೋಡಿದ ಒಂದು ಗುಂಡಿ ಇತ್ತು. ಅದರ ಬಾಯಿಯನ್ನು ಮುಚ್ಚಿ ಬೆಳೆದಿದ್ದ ಪೊದೆ ಮುರಿದಿತ್ತು, ಅಂಚಿನಲ್ಲಿ ಅವರ ಟೇಪು. ಗುಂಡಿಯೊಳಗೆ ಯಾರೂ ಇರಲಿಲ್ಲ. ನಾನು ಅಲ್ಲೇ ಕೂತು ಅತ್ತೆ.

ಮಧ್ಯಾಹ್ನದ ಹೊತ್ತಿಗೆ ಅವರೇ ಕೋಲು ಊರಿಕೊಂಡು ಕಲ್ಲುಗುಂಡಿಯ ಕಡೆಯಿಂದ ಹತ್ತಿ ಬಂದರು. ಕಾಲು ಉಳುಕಿತ್ತು, ಮೈಯೆಲ್ಲ ಗೀರು. ಜನ ಸುತ್ತ ಸೇರಿದರು. ಅವರು ಹೇಳಿದ್ದಿಷ್ಟು: ಗುಂಡಿಗೆ ಬಿದ್ದು ಒಂದು ಕೂ ಹಾಕುವಷ್ಟರಲ್ಲಿ ದಮ್ಮು ಕಟ್ಟಿತು. ಇನ್ನು ಆಯಿತು ಎಂದು ಕಣ್ಣು ಮುಚ್ಚಿದಾಗ ಮೇಲಿನಿಂದ ಯಾರೋ ಓಗೊಟ್ಟರು, ಬಿಡಿಸಿ ಬಿಡಿಸಿ ಮೂರು ಸಲ. ಬೇರು ಹಿಡಿದು ಮೇಲೆ ಬಂದರು. ಅವರು ನಿಂತಲ್ಲೆಲ್ಲ ಮುಂದಿನಿಂದ ಆ ಸ್ವರ ಬರುತ್ತಿತ್ತು. ಎಷ್ಟು ನಡೆದರೂ ಅಷ್ಟೇ ದೂರ, ಹತ್ತಿರವಾಗಲೇ ಇಲ್ಲ. ತೋಡಿನಲ್ಲಿ ಹರಿಯುವ ನೀರು ಕಂಡ ಮೇಲೆ ಆ ಸ್ವರ ನಿಂತುಹೋಯಿತು. ತೋಡು ಹಿಡಿದು ಇಳಿದು ಕಲ್ಲುಗುಂಡಿ ಸೇರಿ, ಒಂದು ಮನೆಯಲ್ಲಿ ಮಲಗಿ ಬಂದಿದ್ದರು.

ಹೇಳಿ ಮುಗಿಸಿ ಅವರು ನನ್ನ ಮುಖವನ್ನೇ ನೋಡಿದರು. “ನೀವೇ ಅಲ್ವಾ ರೈಟ್ರೆ, ಓಗೊಟ್ಟದ್ದು?”

ಎಲ್ಲರ ಕಣ್ಣು ನನ್ನ ಮೇಲೆ. ಗೌಡರು ನೆಲ ನೋಡುತ್ತಿದ್ದರು. ನಾನು “ಹೌದು” ಎಂದೆ.

ಆಮೇಲೆ ಕೈಕಾಲು ತೊಳೆಯುವಲ್ಲಿ ಗೌಡರು ಹತ್ತಿರ ಬಂದು, ಹೇಳಿದ್ದು ಒಳ್ಳೆಯದೇ ಆಯಿತು, ಇಲ್ಲದಿದ್ದರೆ ಬ್ಯಾರಿ ಹೆದರಿಯೇ ಸಾಯುತ್ತಿದ್ದರು ಎಂದರು. ಮುಖಕ್ಕೆ ನೀರು ಹಾಕಿಕೊಂಡು, ತನಗೇ ಹೇಳಿಕೊಳ್ಳುವ ಹಾಗೆ, “ನಾವು ಓಗೊಡದಿದ್ರೆ ಬೇರೆ ಯಾರಾದ್ರೂ ಓಗೊಡುದುಂಟು” ಎಂದರು. ಯಾರು ಎಂದು ಕೇಳಿದೆ. ಅವರು ಕತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು. ಆ ಕಾಡಿನಲ್ಲಿ ಮತ್ತೆ ಎರಡು ತಿಂಗಳು ಇದ್ದೆ, ಹಾಡುಹಗಲಲ್ಲೂ ಒಬ್ಬನೇ ಎಲ್ಲಿಯೂ ಕೂರಲಿಲ್ಲ.

ಕಥೆ ಬರೆದದ್ದು ಆ ವಾರವೇ. ದೊರೆಯ ಮೇಜಿನ ಮುಂದೆ, ದೊರೆಯ ಪುಸ್ತಕಗಳ ಧಾಟಿಯಲ್ಲಿ. ಕಥೆಯ ನಾಯಕ ಕೂಗು ಕೇಳಿದ ಕ್ಷಣವೇ ಗಾಳಿಗೆ ಮೂರು ಗುಂಡು ಹಾರಿಸುತ್ತಾನೆ, ಗುಂಡಿಗೆ ಇಳಿಯುತ್ತಾನೆ, ಆಳನ್ನು ಹೆಗಲ ಮೇಲೆ ಹೊತ್ತು ತರುತ್ತಾನೆ. ಚಿತ್ರ ಬರೆದವನು ನನ್ನನ್ನು ದೊರೆ ಮಾಡಿದ್ದರಲ್ಲಿ ಅವನ ತಪ್ಪೇನೂ ಇಲ್ಲ. ಆ ಕಥೆಯಲ್ಲಿ ಉಮ್ಮರಬ್ಬ ಬ್ಯಾರಿಗಳಿಗೆ ಹೆಸರಿಲ್ಲ. ‘ಮುದಿ ಆಳು’ ಅಷ್ಟೆ. ಮೊನ್ನೆ ಆ ಎರಡು ಶಬ್ದ ಕಂಡು ನನಗೆ ನಾಚಿಕೆಯಿಂದ ಮೈ ಬಿಸಿಯಾಯಿತು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಆಗ ಐದನೇ ಕ್ಲಾಸಿನಲ್ಲಿದ್ದ ನಫೀಸಾಳೇ ಬಾಪನಿಗೆ, ಅಂದರೆ ಅಪ್ಪನಿಗೆ, ಅದನ್ನು ಗಟ್ಟಿಯಾಗಿ ಓದಿ ಹೇಳಿದ್ದಳಂತೆ. ಪೂರ್ತಿ ಕೇಳಿ, ಮಡಚಿ ಪೆಟ್ಟಿಗೆಯಲ್ಲಿ ಇಡು ಎಂದಿದ್ದರಂತೆ.

ಕೂಪಿನ ಕೆಲಸ ಬಿಟ್ಟ ಮೇಲೂ ಅವರು ನನ್ನನ್ನು ಬಿಡಲಿಲ್ಲ. ಪ್ರತಿ ವರ್ಷ ಅವರ ಪೆರ್ನಾಲ್ ಹಬ್ಬ ಕಳೆದ ಮರುದಿನ ಕುಂಬ್ರದ ನನ್ನ ಮನೆಗೆ ಒಂದು ಚಿಪ್ಪು ಬಾಳೆಹಣ್ಣು ತರುತ್ತಿದ್ದರು. ಜಗಲಿಯಲ್ಲಿ ಕೂತು, ಇದ್ದವರಿಗೆಲ್ಲ ಆ ದಿನದ ಸಂಗತಿ ಹೇಳುವರು. ಹೇಳಿ ಮುಗಿದ ಮೇಲೆ ನನ್ನ ಕಡೆ ತಿರುಗಿ ಸ್ವಲ್ಪ ಹೊತ್ತು ಸುಮ್ಮನಿರುವರು. ನಾನು ವಿನಯದಿಂದ ತಲೆ ತಗ್ಗಿಸುತ್ತಿದ್ದೆ. ಸಾಯುವವರೆಗೆ, ಸುಮಾರು ಇಪ್ಪತ್ತು ವರ್ಷ ಹೀಗೇ ನಡೆಯಿತು.

ಮೊನ್ನೆ ಆ ಪುಟ ಕೈಯಲ್ಲಿ ಹಿಡಿದಾಗ ತಡೆಯಲಾಗಲಿಲ್ಲ. ಓಗೊಟ್ಟದ್ದು ನಾನಲ್ಲ ಎಂದು ನಫೀಸಾಳಿಗೆ ಹೇಳಿಬಿಟ್ಟೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

“ಬಾಪನಿಗೆ ಗೊತ್ತಿತ್ತು ರೈಟ್ರೆ. ನಿಮ್ಮ ಸ್ವರ ಅವರಿಗೆ ಗೊತ್ತಿಲ್ವಾ? ಅದು ಹೆಂಗಸಿನ ಸ್ವರ ಅಂತೆ.”

ಆ ಕೂಪಿನಲ್ಲಿ ಹೆಂಗಸರು ಇರಲಿಲ್ಲ. ಸುತ್ತ ಮನೆಯೂ ಇರಲಿಲ್ಲ. ಮತ್ತೆ ನನ್ನ ಹತ್ತಿರ ಯಾಕೆ ಹಾಗೆ ಕೇಳಿದರು ಎಂದೆ.

“ಹೆದರಿಕೆಗೆ. ಮಧ್ಯಾಹ್ನ ಆದ್ರೆ ಬಾಗಿಲು ಹಾಕಿಸ್ತಿದ್ರು ಅವರು, ಕೊನೇವರೆಗೂ. ನೀವು ‘ನಾನಲ್ಲ’ ಅಂತ ಹೇಳಿದ್ರೆ, ಅದರ ಬಗ್ಗೆ ಮಾತಾಡ್ಲಿಕ್ಕೆ ಒಬ್ಬರಾದ್ರೂ ಸಿಗ್ತಿದ್ರು. ನಮ್ಮತ್ರ ಹೇಳಿದ್ದೇ ಸಾಯುವ ವಾರ.”

ಅವಳು ಹೋದ ಮೇಲೆ ಜಗಲಿಯಲ್ಲಿ ಅವರು ಕೂರುತ್ತಿದ್ದ ಜಾಗವನ್ನು ನೋಡುತ್ತ ಕೂತೆ. ಇಪ್ಪತ್ತು ಪೆರ್ನಾಲ್, ಇಪ್ಪತ್ತು ಸಲ. ಪ್ರತಿ ಸಲವೂ ಅವರು ಅಷ್ಟು ಹೊತ್ತು ಸುಮ್ಮನೆ ಕೂತು ನನ್ನ ಬಾಯಿಂದ ಒಂದು ‘ಅಲ್ಲ’ ಬರಲಿ ಎಂದು ಕಾಯುತ್ತಿದ್ದರು. ನಾನು ತಲೆ ತಗ್ಗಿಸಿ, ಬಾಳೆಹಣ್ಣು ತೆಗೆದುಕೊಂಡು, ಅವರನ್ನು ರಸ್ತೆಯವರೆಗೆ ಬಿಟ್ಟು ಬರುತ್ತಿದ್ದೆ.