ಗುಂಡಿಗಿಳಿದ ಅವ್ವ

ನಮ್ಮಪ್ಪ, ಚಿಕ್ಕಪ್ಪ ಇಬ್ಬರೂ ಅಂತರಸಂತೆಯಲ್ಲಿ ಮರ ಕುಯ್ಯುವವರು. ಕಾಡಿನಿಂದ ಬಂದ ದಿಮ್ಮಿಯನ್ನು ಹಿತ್ತಲಿನ ಗುಂಡಿಯ ಮೇಲೆ ಮಲಗಿಸಿ, ಒಬ್ಬರು ಮೇಲೆ, ಇನ್ನೊಬ್ಬರು ಗುಂಡಿಯೊಳಗೆ ನಿಂತು ಉದ್ದನೆಯ ಗರಗಸ ಎಳೆಯುತ್ತಿದ್ದರು. ಗುಂಡಿಯೊಳಗೆ ಯಾವಾಗಲೂ ಅಪ್ಪನೇ. ಹಾಗಾಗಿ ಅವನಿಗೆ ಸೊಂಟನೋವು ಶುರುವಾದಾಗ ಅದು ಕಾಯಿಲೆ ಎಂದು ಯಾರಿಗೂ ಅನ್ನಿಸಲಿಲ್ಲ.

ನನ್ನನ್ನು ಅದೇ ಊರಿಗೆ ಕೊಟ್ಟಿದ್ದರು. ಸಂಜೆ ತವರಿಗೆ ಹೋದಾಗೆಲ್ಲ ಅಪ್ಪ ಬೇಲಿಯ ಹತ್ತಿರ ಹೋಗಿ ಬಹಳ ಹೊತ್ತು ನಿಂತಿರುವುದು ಕಾಣುತ್ತಿತ್ತು. ವಾಪಸು ಬರುವಾಗ ಮುಖವೆಲ್ಲ ಬೆವರು. ಕೇಳಿದರೆ, "ಏನಿಲ್ಲ ಕಣವ್ವ, ಉಷ್ಣ" ಎನ್ನುತ್ತಿದ್ದ. ಅವ್ವ ಜೀರಿಗೆ ಕಷಾಯ ಕಾಯಿಸಿ ಕೊಡುತ್ತಿದ್ದಳು.

ಒಂದು ದಿನ ಉಚ್ಚೆ ಪೂರ್ತಿ ಕಟ್ಟಿಕೊಂಡಿತು. ಗಾಡಿಯಲ್ಲಿ ತಾಲ್ಲೂಕಿನ ಊರಾದ ಕೋಟೆಗೆ, ಅಲ್ಲಿಂದ ಬಸ್ಸಿನಲ್ಲಿ ಮೈಸೂರಿಗೆ ಹೊರಟೆವು. ಹಂಪಾಪುರದಲ್ಲಿ ಅಪ್ಪ ಬಸ್ಸು ನಿಲ್ಲಿಸಿ ಇಳಿದ. ಒಂದು ಹನಿಯೂ ಬರಲಿಲ್ಲ. ಬಸ್ಸಿನವರೆಲ್ಲ ಸುಮ್ಮನೆ ಕಾದರು. ಯಾರಾದರೂ ಬಯ್ದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ರಬ್ಬರು ಕೊಳವೆ ಹಾಕಿ ಉಚ್ಚೆ ತೆಗೆದರು. ಡಾಕ್ಟರು ಅವ್ವನನ್ನು ಪಕ್ಕಕ್ಕೆ ಕರೆದು, "ಮೂತ್ರದ ಚೀಲದ ಕೆಳಗೆ ಒಂದು ಗಡ್ಡೆ ಕಲ್ಲಿನ ಹಾಗೆ ಗಟ್ಟಿಯಾಗಿದೆ. ಬೆನ್ನುಮೂಳೆಗೂ ಹರಡಿರುವ ಹಾಗಿದೆ" ಎಂದರು. ಹಾಸಿಗೆಗೂ ಡಾಕ್ಟರಿಗೂ ಏನೂ ಕೊಡಬೇಕಿರಲಿಲ್ಲ. ಆದರೆ ಯುದ್ಧದ ಕಾಲ, ರಬ್ಬರು ಸಿಗುತ್ತಿರಲಿಲ್ಲ. ಕೊಳವೆಯನ್ನು ನಾವೇ ಹೊರಗಿನ ಅಂಗಡಿಯಲ್ಲಿ ಕೊಳ್ಳಬೇಕು, ಆಗಾಗ ಹೋಗಿ ಬದಲಾಯಿಸಿಕೊಳ್ಳಬೇಕು. ಗಾಡಿ, ಬಸ್ಸು, ಛತ್ರದ ಊಟ ಬೇರೆ. ಮೊದಲ ಕೊಳವೆಗೆ ಅವ್ವನ ಕಿವಿಯೋಲೆ ಹೋಯಿತು. ಎರಡನೆಯದಕ್ಕೆ ಕರೆಯುವ ಹಸು.

ಒಂದು ಕೈಯಿಂದ ಗರಗಸ ನಡೆಯುವುದಿಲ್ಲ. ಅಪ್ಪ ಮಲಗಿದ ಮೇಲೆ ಚಿಕ್ಕಪ್ಪನಿಗೂ ಕೆಲಸವಿಲ್ಲ, ಎರಡೂ ಮನೆಯ ಒಲೆ ಆರುವ ಹಾಗಾಯಿತು. ಒಂದು ಬೆಳಿಗ್ಗೆ ಅವ್ವ ಸೀರೆ ಕಚ್ಚೆ ಹಾಕಿ, ತಲೆಗೆ ಬಟ್ಟೆ ಸುತ್ತಿಕೊಂಡು ಗುಂಡಿಯ ಹತ್ತಿರ ನಿಂತಳು.

"ಎಂಗಸ್ರು ಇಳಿಯೋ ಜಾಗವಾ ಅತ್ತಿಗೆ ಇದು?" ಎಂದ ಚಿಕ್ಕಪ್ಪ.

"ಇಳೀಬಾರ್ದು ಅನ್ನಕ್ಕೆ ಅದೇನು ಗರ್ಭಗುಡಿಯಾ? ಎಳಿ ನೀನು."

ಗರಗಸದ ಸದ್ದು ಶುರುವಾದ ಕೂಡಲೇ ಒಳಗೆ ಮಲಗಿದ್ದ ಅಪ್ಪ ಕಣ್ಣು ಬಿಟ್ಟ. "ಕೆಳಗೆ ಯಾರು?" ಎಂದು ಕೇಳಿದ. ನಾನು ಅವನ ಹೊದಿಕೆ ಸರಿಮಾಡಿದೆ. ಸದ್ದು ತಡೆತಡೆದು ಬರುತ್ತಿತ್ತು. ಅವನು ಗೋಡೆಯ ಕಡೆಗೆ ತಿರುಗಿಕೊಂಡ. ಸಂಜೆ ಮರದ ಪುಡಿ ಬಿದ್ದು ಕೆಂಪಾದ ಅವ್ವನ ಕಣ್ಣು ನೋಡಿ, ತನ್ನ ಚೊಂಬಿನ ನೀರನ್ನು ಅವಳ ಕಡೆಗೆ ಸರಿಸಿದ.

ಮುಂದಿನ ಸಲ ಮೈಸೂರಿಗೆ ಅವನ ಜೊತೆ ನಾನೊಬ್ಬಳೇ ಹೋದೆ. ಡಾಕ್ಟರು ಅನುಮಾನಿಸುತ್ತಲೇ ಹೇಳಿದರು: "ನೋಡಿ ಯಜಮಾನರೇ, ಹೊಸದಾಗಿ ಒಂದು ಚಿಕಿತ್ಸೆ ಬಂದಿದೆ. ಎರಡೂ ಬೀಜ ತೆಗೆದರೆ ಈ ಗಡ್ಡೆ ಕುಗ್ಗುತ್ತಂತೆ. ನಿಮಗೆ ಗುಣ ಆಗುತ್ತೆ ಅಂತ ನಾನು ಹೇಳಲಾರೆ."

ನಾನು ತಲೆ ತಗ್ಗಿಸಿದೆ. ಅಪ್ಪ ಬದುಕುತ್ತೀನಾ ಎಂದು ಕೇಳಲಿಲ್ಲ, ನೋವಾಗುತ್ತಾ ಎಂದೂ ಕೇಳಲಿಲ್ಲ.

"ಆಮೇಲೆ ಈ ಕೊಳವೆ ಬ್ಯಾಡ್ವಾ ಸ್ವಾಮಿ?"

"ಬೇಡವಾಗಬಹುದು."

"ಅಂಗಾದ್ರೆ ತಗುದ್ಬುಡಿ."

ಆಪರೇಷನ್ ಆಗಿ ವಾಪಸು ಬರುವಾಗ, ಊರಿನವರಿಗೆ, ಚಿಕ್ಕಪ್ಪನಿಗೂ ಹೇಳಬೇಡ ಎಂದು ಬಸ್ಸಿನಲ್ಲಿ ನನ್ನ ಕೈ ಹಿಡಿದು ಕೇಳಿಕೊಂಡ. ಅವನು ಬದುಕಿರುವವರೆಗೆ ನಾನು ಬಾಯಿ ಬಿಡಲಿಲ್ಲ.

ಆ ಮಳೆಗಾಲ ಅವನು ಚೆನ್ನಾಗಿದ್ದ. ಕೊಳವೆ ತೆಗೆದರು, ನೋವು ಇಳಿಯಿತು, ರಾಗಿಮುದ್ದೆ ಸೇರಿತು. ಒಂದು ದಿನ ಅವ್ವನನ್ನು ಮೇಲಕ್ಕೆ ಕರೆದು ತಾನೇ ಗುಂಡಿಗಿಳಿದ. ಮಧ್ಯಾಹ್ನದವರೆಗೆ ಎಳೆದ. ಅವ್ವ ಎಷ್ಟೋ ತಿಂಗಳ ಮೇಲೆ ನಕ್ಕಳು.

ಸಂಕ್ರಾಂತಿ ಕಳೆದ ಮೇಲೆ ಅಪ್ಪ ಹಾಸಿಗೆಯಿಂದ ಏಳಲು ಹೋದ, ಕಾಲು ಏಳಲಿಲ್ಲ. ಚಿವುಟಿದರೂ ಗೊತ್ತಾಗುತ್ತಿರಲಿಲ್ಲ. ಚಿಕ್ಕಪ್ಪ ಗಾಡಿ ಹೂಡಲು ಹೋದಾಗ ತಡೆದ. "ಸಾಕು ಬುಡು. ಇನ್ನು ಮಾರೋಕೆ ಏನೈತೆ?" ಎಂದ. ಅವ್ವ ಗುಂಡಿಗೆ ಹೋಗಿ ಅರ್ಧ ಕುಯ್ದಿದ್ದ ದಿಮ್ಮಿಯ ಕೆಳಗೆ ನಿಂತಳು.

ಯುಗಾದಿಗೆ ಮೊದಲೇ ಅಪ್ಪ ತೀರಿಕೊಂಡ. ಅವನ ಮೈ ತೊಳೆಯುವಾಗಲೇ ಚಿಕ್ಕಪ್ಪನಿಗೆ ವಿಷಯ ತಿಳಿದದ್ದು. ನನ್ನ ಮುಖ ನೋಡಿ, ಪಂಚೆ ಹೊದಿಸಿದ.

ತಿಥಿ ಮುಗಿದ ಮಾರನೆಯ ದಿನ ಕೋಟೆಯ ಸಾಹುಕಾರರು ಹಲಗೆ ಬೇಕೆಂದು ಹೇಳಿ ಕಳಿಸಿದರು. ಅವ್ವ ತಲೆಗೆ ಬಟ್ಟೆ ಸುತ್ತಿಕೊಂಡಳು.