ಎಳೆಯುತ್ತದೆ, ಆದರೆ ನಿಲ್ಲುವುದಿಲ್ಲ

ನಾನು ಹೊಳೆನರಸೀಪುರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುವವಳು. ಬಲ, ಘರ್ಷಣೆ, ಸನ್ನೆ, ರಾಟೆ ಎಲ್ಲವನ್ನೂ ಹತ್ತೊಂಬತ್ತು ವರ್ಷದಿಂದ ಬೋರ್ಡಿನ ಮೇಲೆ ಬರೆದು ಅಳಿಸುತ್ತಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದಿನ ಕತೆಯಲ್ಲಿ ದಡ್ಡಿ ನಾನೇ.

ನನ್ನ ಗಂಡ ಹಾಸನದ ಗ್ಯಾರೇಜೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಮೆಕ್ಯಾನಿಕ್ ಆಗಿದ್ದವರು. ಮೊನ್ನೆಮೊನ್ನೆಯ ಒಂದು ಮಳೆಗಾಲದಲ್ಲಿ ಸಾಲಗಾಮೆಯ ನಮ್ಮ ಬೀದಿಗೆಲ್ಲ ಚಿಕೂನ್‌ಗುನ್ಯಾ ಬಂತು. ಜ್ವರ ಅವರನ್ನು ವಾರಕ್ಕೇ ಬಿಟ್ಟಿತು, ಬಲಗೈ ಬೆರಳುಗಳ ಬಿಗಿತ ಮಾತ್ರ ಬಿಡಲಿಲ್ಲ. ಬೆಳಿಗ್ಗೆ ಎದ್ದರೆ ಲೋಟ ಹಿಡಿಯಲು ಎರಡು ಕೈ ಬೇಕು. ಹಾಗಿದ್ದೂ ಹಟ ಹಿಡಿದು ಕೆಲಸಕ್ಕೆ ಹೋದರು. ಅವರು ಚಕ್ರ ಜೋಡಿಸಿ ಕಳಿಸಿದ ವ್ಯಾನೊಂದರ ನಟ್ಟುಗಳು ಅರಕಲಗೂಡು ಮುಟ್ಟುವ ಮೊದಲೇ ಸಡಿಲವಾದವು. ಡ್ರೈವರ್ ಸದ್ದು ಕೇಳಿ ನಿಲ್ಲಿಸಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಗ್ಯಾರೇಜಿನ ಯಜಮಾನರು ಒಳ್ಳೆಯವರು, ಬೈಯಲಿಲ್ಲ. ಸ್ವಲ್ಪ ದಿನ ರೆಸ್ಟ್ ತಗೊಳ್ಳಿ ಅಂದರು. ಎಷ್ಟು ದಿನ ಅಂತ ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ತಮ್ಮ ಸ್ಪ್ಯಾನರ್ ಪೆಟ್ಟಿಗೆ ಹೊತ್ತುಕೊಂಡು ಮನೆಗೆ ಬಂದರು.

ಆಮೇಲಿನ ತಿಂಗಳುಗಳಲ್ಲಿ ಮನೆಯ ನಲ್ಲಿ ಸೋರಿದರೂ ಅವರು ಮುಟ್ಟುತ್ತಿರಲಿಲ್ಲ. ಒಂದು ದಿನ ರೇಗಿ ಕೇಳಿದೆ. ಅವರು ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು, "ಈ ಕೈ ಬಿಗಿ ಮಾಡುದ್ರೆ ಬಿಗಿ ಆಯ್ತದೋ ಇಲ್ವೋ ಅಂತ ನಂಗೇ ಗೊತ್ತಾಯ್ತಿಲ್ಲ ಕಣೆ" ಅಂದರು. ನನ್ನ ರೇಗು ಅಲ್ಲಿಗೇ ಇಳಿಯಿತು.

ಅಂಥವರು ಒಂದು ದಿನ ಹಾಸನದ ಗುಜರಿ ಅಂಗಡಿಯಿಂದ ತುಕ್ಕು ಹಿಡಿದ ಕಬ್ಬಿಣದ ಮುದ್ದೆಯೊಂದನ್ನು ಆಟೋದಲ್ಲಿ ಹಾಕಿಸಿಕೊಂಡು ಬಂದರು. ವಿಂಚ್ ಅಂತೆ. ಜೀಪಿನ ಮೂತಿಗೆ ಕೂರಿಸುವುದು. ಒಂದು ಮೋಟಾರು, ಅದರ ಪಕ್ಕ ಹಗ್ಗ ಸುತ್ತುವ ಡ್ರಮ್ಮು. ಕೆಸರಲ್ಲಿ ಹೂತ ಗಾಡಿಗೆ ಕಬ್ಬಿಣದ ಹಗ್ಗದ ಕೊಕ್ಕೆ ಹಾಕಿ ಗುಂಡಿ ಒತ್ತಿದರೆ ಡ್ರಮ್ಮು ಹಗ್ಗ ಸುತ್ತಿಕೊಳ್ಳುತ್ತಾ ಗಾಡಿಯನ್ನು ಎಳೆಯುತ್ತದೆ. ನಮ್ಮಲ್ಲೊಂದು ಹಳೇ ಜೀಪಿತ್ತು. ಮಲ್ಲಿಪಟ್ಟಣದಲ್ಲಿ ನನ್ನ ಅಣ್ಣ ಶುಂಠಿ ಬೆಳೆಯುತ್ತಾನೆ. ಆ ಸಲ ಮಳೆ ಬಿಡದೆ ಹಿಡಿದು, ಶುಂಠಿ ತುಂಬಲು ಹೊಲಕ್ಕಿಳಿದ ಗಾಡಿಗಳು ಅಚ್ಚಿನ ತನಕ ಹೂತು ಕೂರುತ್ತಿದ್ದವು.

"ಬಾವಂಗೆ ಏಳಿದೀನಿ, ರಿಪೇರಿ ಆಗ್ತಿದ್ದಂಗೆ ಬತ್ತೀನಿ ಅಂತ" ಅಂದರು. ಆಮೇಲೆ ನನ್ನ ಕಡೆ ನೋಡದೆ, "ಇದು ಸರಿಯಾದ್ರೆ ನನ್ ಕೈಯೂ ಸರಿ ಐತೆ ಅಂತ ಅರ್ಥ. ಆಗ್ನಿಲ್ಲ ಅಂದ್ರೆ ಸ್ಪ್ಯಾನರ್ ಪೆಟ್ಗೆ ಬಾವಂಗೇ ಕೊಟ್ಬುಡ್ತೀನಿ. ಟಿಲ್ಲರ್‌ಗಾದ್ರೂ ಆಯ್ತದೆ" ಅಂದರು.

ಇಷ್ಟು ದೊಡ್ಡ ಪಣವನ್ನು ಇಷ್ಟು ಕೊಳಕು ವಸ್ತುವಿನ ಮೇಲೆ ಯಾಕೆ ಕಟ್ಟಿದರೋ ನನಗೆ ಅರ್ಥವಾಗಲಿಲ್ಲ. ಆದರೆ ಅಷ್ಟು ತಿಂಗಳಾದ ಮೇಲೆ ಮನುಷ್ಯ ಪೆಟ್ಟಿಗೆಯ ಬೀಗ ತೆಗೆದಿದ್ದರು. 

ಜಗಲಿಯಲ್ಲಿ ಹಳೇ ಸೀರೆ ಹಾಸಿ ಬಿಚ್ಚಲು ಕೂತರು. ನನ್ನ ಹೊಲಿಗೆ ಯಂತ್ರ ಮೂಲೆಗೆ ಸರಿಯಿತು. ಒಳಗೆ ಗ್ರೀಸು ಬೆಲ್ಲದಚ್ಚಿನ ಹಾಗೆ ಗಟ್ಟಿಯಾಗಿತ್ತು. ಗೇರುಗಳನ್ನು ಸೀಮೆಎಣ್ಣೆಯಲ್ಲಿ ನೆನೆಸಿಟ್ಟು ಬ್ರಷ್ಷಿನಿಂದ ಉಜ್ಜಿದರು. ಡ್ರಮ್ಮಿನ ಹೊಟ್ಟೆಯಲ್ಲಿ ಒಂದು ಪುಟ್ಟ ಬ್ರೇಕಿತ್ತು. ಗುಂಡಿ ಬಿಟ್ಟ ಕೂಡಲೇ ಎಳೆದ ಭಾರವನ್ನು ಎಳೆದಲ್ಲೇ ಹಿಡಿದು ನಿಲ್ಲಿಸುವುದು ಅದೇ. ಅದರ ಸವೆದ ಲೈನಿಂಗನ್ನು ಹಾಸನದಲ್ಲಿ ಹೊಸದಾಗಿ ಹಾಕಿಸಿಕೊಂಡು ಬಂದರು. ಒಂದೊಂದು ಬೋಲ್ಟಿಗೂ ಎರಡೂ ಕೈ ಹಾಕಿ, ಹಲ್ಲು ಕಚ್ಚಿ ಬಿಗಿ ಮಾಡಿದರು. ನಾನು ಹೋಂವರ್ಕ್ ತಿದ್ದುತ್ತಾ ಅವರ ಬೆರಳುಗಳನ್ನೇ ನೋಡುತ್ತಿದ್ದೆ.

ಅವರು ಸ್ನಾನಕ್ಕೆ ಹೋದಾಗ ಒಂದು ಕೆಲಸ ಮಾಡಿದೆ. ಅದೇ ಸ್ಪ್ಯಾನರ್ ತೆಗೆದುಕೊಂಡು ಅವರು ಬಿಗಿ ಮಾಡಿದ ಬೋಲ್ಟುಗಳನ್ನೆಲ್ಲ ಇನ್ನೊಂದು ಸಲ ತಿರುಗಿಸಿ ನೋಡಿದೆ. ಒಂದೂ ಕೂದಲೆಳೆಯಷ್ಟು ಅಲುಗಲಿಲ್ಲ. ಸ್ಪ್ಯಾನರನ್ನು ಇದ್ದ ಜಾಗದಲ್ಲೇ ಇಟ್ಟೆ.

ವಿಂಚನ್ನು ಜೀಪಿಗೆ ಕೂರಿಸಿದ ಮೇಲೆ ಹಗ್ಗದ ಸರದಿ. ಹಳೆಯ ಹಗ್ಗ ಎಳೆಯೆಳೆಯಾಗಿ ಕಿತ್ತುಹೋಗಿತ್ತೆಂದು ಗುಜರಿಯವನೇ ಕತ್ತರಿಸಿ ಎಸೆದಿದ್ದ. ಹೊಸ ಕಬ್ಬಿಣದ ಹಗ್ಗವನ್ನು ಡ್ರಮ್ಮಿಗೆ ಬಿಗಿಯಾಗಿ ಸುತ್ತುವುದು ಅವರ ಬೆರಳಿಗೆ ಆಗುವ ಕೆಲಸವಾಗಿರಲಿಲ್ಲ. "ನಾನು ಸುತ್ತುತೀನಿ, ನೀವು ಕೈಗೆ ಬಿಸಿನೀರು ಹಾಕ್ಕೊಳ್ಳಿ" ಅಂದೆ. ಜೀಪಿನ ಬಲಗಡೆ ಚರಂಡಿ. ಎಡಗಡೆ ಸ್ಟೂಲ್ ಹಾಕಿಕೊಂಡು ಕೂತು, ಕೈಗೆ ದಪ್ಪ ಗೌಸು ಏರಿಸಿ, ಡ್ರಮ್ಮನ್ನು ಕೈಯಲ್ಲೇ ತಿರುಗಿಸುತ್ತಾ ಒಂದರ ಪಕ್ಕ ಒಂದು ಸುತ್ತು ನೀಟಾಗಿ ಸುತ್ತಿದೆ. ನೂಲಿನುಂಡೆ ಸುತ್ತಿದ ಹಾಗೆ ಬಂತು. ಅವರು ಬಂದು ನೋಡಿ, "ಮಿಷಿನ್ ಸುತ್ತುದ್ರೂ ಇಂಗೆ ಬರಲ್ಲ ಕಣೆ" ಅಂದರು. ನನಗೆ ಹೆಮ್ಮೆಯಾಯಿತು.

ಕೆರೆ ಏರಿಯ ಇಳಿಜಾರಿನಲ್ಲಿ ಪರೀಕ್ಷೆ. ಮೇಲಿದ್ದ ಹುಣಸೆಮರಕ್ಕೆ ಕೊಕ್ಕೆ ಹಾಕಿ, ಜೀಪನ್ನು ನ್ಯೂಟ್ರಲಿನಲ್ಲಿಟ್ಟು, ಅವರು ಒಳಗೆ ಕೂತರು. ನಾನು ದೂರದಲ್ಲಿ ನಿಂತೆ. ರಿಮೋಟಿನಲ್ಲಿ ಎರಡು ಗುಂಡಿ, ಯಾವುದು ಏನೆಂಬ ಗುರುತು ಅಳಿಸಿಹೋಗಿತ್ತು. ಒಂದನ್ನು ಒತ್ತಿದರೆ ಹಗ್ಗ ಬಿಚ್ಚಿಕೊಂಡಿತು, ಇನ್ನೊಂದನ್ನು ಒತ್ತಿದರೆ ಸುತ್ತಿಕೊಂಡಿತು. ಜೀಪು ಗರ್ಭಿಣಿಯ ಹಾಗೆ ನಿಧಾನವಾಗಿ ಏರಿ ಹತ್ತತೊಡಗಿತು. ನಾನು ಚಪ್ಪಾಳೆ ತಟ್ಟಿದೆ. ಅರ್ಧ ಹತ್ತಿದ ಮೇಲೆ ಅವರು ಗುಂಡಿ ಬಿಟ್ಟರು. ಜೀಪು ಅಲ್ಲೇ ನಿಲ್ಲಬೇಕಿತ್ತು. ಒಂದು ಕ್ಷಣ ನಿಂತ ಹಾಗೆ ಮಾಡಿ, ಮೆಲ್ಲಗೆ ಹಿಂದಕ್ಕೆ ಜಾರಿತು. ಅವರು ಕಾಲಿನ ಬ್ರೇಕ್ ಒತ್ತಿ ಹಿಡಿದರು.

"ಎಳೀತದೆ, ಆದ್ರೆ ನಿಲ್ತಿಲ್ಲ" ಅಂದರು. ಅದನ್ನು ನನಗೆ ಹೇಳಲಿಲ್ಲ, ತಮ್ಮ ಕೈಗೆ ಹೇಳಿದ ಹಾಗಿತ್ತು.

ಮತ್ತೆ ಬಿಚ್ಚಿದರು. ಹಗ್ಗಕ್ಕೆ ಕೈ ಹಚ್ಚುವ ಅಗತ್ಯವಿರಲಿಲ್ಲ, ಬ್ರೇಕನ್ನು ಪಕ್ಕದಿಂದಲೇ ಹೊರಗೆ ತೆಗೆಯಬಹುದಿತ್ತು. ಎಲ್ಲ ಸರಿಯಾಗಿಯೇ ಇತ್ತು. ಸರಿಯಾಗಿರುವುದನ್ನು ರಿಪೇರಿ ಮಾಡುವುದು ಹೇಗೆ ಎಂದು ನಮ್ಮಿಬ್ಬರಿಗೂ ತಿಳಿಯಲಿಲ್ಲ. ತಿರುಗಿ ಜೋಡಿಸುವಾಗ ಸೀರೆಯ ಮೇಲೆ ಒಂದು ವಾಷರ್ ಉಳಿದುಬಿಟ್ಟಿತು. ಇದೇ ಕಳ್ಳ ಅಂತ ಇಬ್ಬರೂ ಸಂಭ್ರಮಪಟ್ಟು, ಜೋಡಿಸಿದ್ದನ್ನೆಲ್ಲ ಮತ್ತೆ ಬಿಚ್ಚಿ, ಒಂದು ಭಾನುವಾರವಿಡೀ ಅದಕ್ಕೊಂದು ಜಾಗ ಹುಡುಕಿದೆವು. ಎಲ್ಲೂ ಕೂರಲಿಲ್ಲ. ಸಂಜೆ ನೋಡಿದರೆ ಅದು ನನ್ನ ಹೊಲಿಗೆ ಯಂತ್ರದ್ದು.

ಫೋನಿನಲ್ಲಿ ವಿಡಿಯೊ ನೋಡಿದೆವು. ಒಬ್ಬ ಸ್ಪ್ರಿಂಗ್ ಅಂದ, ಒಬ್ಬ ಗ್ರೀಸ್ ಜಾಸ್ತಿ ಅಂದ, ಇನ್ನೊಬ್ಬನ ಭಾಷೆಯೇ ತಿಳಿಯಲಿಲ್ಲ, ಆದರೂ ಪೂರ್ತಿ ನೋಡಿದೆವು. ನಾನು ನೋಟ್‌ಬುಕ್ಕಿನಲ್ಲಿ ಬಾಣದ ಗುರುತು ಹಾಕಿ ಬಲಗಳ ಚಿತ್ರ ಬರೆದೆ. ಚಿತ್ರದಲ್ಲಿ ಜೀಪು ನಿಂತಿತು, ಏರಿಯ ಮೇಲೆ ಎರಡನೇ ಸಲವೂ ಜಾರಿತು. ಮೂರನೇ ಸಲವೂ ಜಾರಿತು. ಪ್ರತಿ ಸಲವೂ ಅವರು ಸ್ನಾನಕ್ಕೆ ಹೋದಾಗ ನಾನು ಬೋಲ್ಟು ತಿರುಗಿಸಿ ನೋಡಿದ್ದೆ. ಪ್ರತಿ ಸಲವೂ ಅವು ಕಲ್ಲಿನ ಹಾಗೆ ಕೂತಿದ್ದವು. ಹಾಗಿದ್ದರೂ ತಪ್ಪು ಅವರ ಕೈಯದೇ ಎಂದು ನನ್ನ ಮನಸ್ಸು ಮೊದಲೇ ತೀರ್ಮಾನ ಬರೆದಿಟ್ಟಿತ್ತು. ಒಳಗಡೆ ಎಲ್ಲೋ, ನನಗೆ ಕಾಣದ ಕಡೆ, ಅವರ ಬೆರಳು ಸೋತಿರಬೇಕು ಎಂದುಕೊಂಡೆ.

ಮೂರನೇ ಸಲ ಜಾರಿದ ದಿನ ಅದನ್ನು ಬಾಯಿಬಿಟ್ಟು ಹೇಳಿಯೂ ಬಿಟ್ಟೆ. "ಬಿಡ್ರಿ ಸಾಕು. ಇನ್ನು ನಿಮ್ಮ ಕೈಯಲ್ಲಿ ಆಗೋ ಕೆಲಸ ಅಲ್ಲ ಇದು."

ಮಾರನೆಯ ದಿನ ಹಾಸನಕ್ಕೆ ಬಂದಿದ್ದ ಅಣ್ಣ ಊಟಕ್ಕೆ ಮನೆಗೆ ಬಂದ. ಹೊರಡುವಾಗ ಇವರು ಸ್ಪ್ಯಾನರ್ ಪೆಟ್ಟಿಗೆಯನ್ನು ಅವನ ಗಾಡಿಯ ಹಿಂದಿನ ಸೀಟಿನಲ್ಲಿಟ್ಟರು. ಅಣ್ಣ ಬೇಡ ಬೇಡ ಅಂದ. "ಇರ್ಲಿ ಬಾವ, ಇಲ್ಲಿದ್ರೆ ತುಕ್ಕಿಡೀತದೆ" ಅಂದರು. ನಾನು ಬಾಗಿಲಲ್ಲಿ ನಿಂತು ನೋಡಿದೆ, ತಡೆಯಲಿಲ್ಲ.

ಅದಾದ ವಾರಕ್ಕೆ ಚನ್ನರಾಯಪಟ್ಟಣದಲ್ಲಿ ನಮಗೊಂದು ಶಿಕ್ಷಕರ ತರಬೇತಿ. ಮಧ್ಯಾಹ್ನ ಹೈವೇ ಪಕ್ಕದ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದೆ. ಕೆಟ್ಟ ಗಾಡಿಗಳನ್ನು ಎಳೆದೊಯ್ಯುವ ವಾಹನವೊಂದು ಅಲ್ಲಿ ನಿಂತಿತ್ತು. ಅದರ ವಿಂಚಿನ ಹಗ್ಗ ಗಂಟಾಗಿ, ಅದರ ಡ್ರೈವರ್ ಪೂರ್ತಿ ಬಿಚ್ಚಿ ಮತ್ತೆ ಸುತ್ತುತ್ತಿದ್ದ. ಹಗ್ಗ ಡ್ರಮ್ಮಿನ ಕೆಳಗಿನಿಂದ ಹೋಗುತ್ತಿತ್ತು. ನಮ್ಮದು ಮೇಲಿನಿಂದ ಹೋಗುತ್ತದಲ್ಲ ಅನ್ನಿಸಿ, ಯಾವ ಕಡೆಯಿಂದ ಸುತ್ತಿದರೂ ಒಂದೇ ಅಲ್ಲವೇ ಎಂದು ಕೇಳಿದೆ.

ಅವನು ತಲೆ ಎತ್ತದೆ, "ಎಲ್ಲಾದ್ರೂ ಉಂಟಾ ಮೇಡಂ? ಮೇಲಿಂದ ಸುತ್ತುದ್ರೆ ಎಳೀತದೆ, ನಿಲ್ಲಲ್ಲ. ಒಳಗಿರೋ ಬ್ರೇಕು ಒಂದೇ ಕಡೀಕೆ ಇಡಿಯೋದು" ಅಂದ.

ಟೀ ಅಲ್ಲೇ ಬಿಟ್ಟೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಗಾಳಿಯಲ್ಲಿ ಕೈ ತಿರುಗಿಸುತ್ತಾ ಕೂತಿದ್ದೆ. ಪಕ್ಕದ ಹೆಂಗಸು ಜರುಗಿ ಕೂತಳು. ಅವತ್ತು ಹಗ್ಗ ಸುತ್ತುವಾಗ ಹಾಗೇ ಸುತ್ತು ಅಂತ ಯಾರೂ ನನಗೆ ಹೇಳಿರಲಿಲ್ಲ. ನನ್ನ ಕೈ ತಾನೇ ಬಲಕ್ಕೆ ತಿರುಗಿತ್ತು, ಜೀಪಿನ ಎಡಗಡೆ ಕೂತಿದ್ದರಿಂದ ಹಗ್ಗ ಮೇಲಿನಿಂದ ಹೋಗಿತ್ತು. ನಾನು ಹುಟ್ಟಿದ್ದು ಜಿನನಾಥಪುರದಲ್ಲಿ. ದೇವರನ್ನು ಬಲಕ್ಕೇ ಸುತ್ತಬೇಕು, ಹೂಬತ್ತಿ ಬಲಕ್ಕೇ ಹೊಸೆಯಬೇಕು, ಹಗ್ಗದ ಸಿಂಬೆಯನ್ನೂ ಬಲಕ್ಕೇ ಸುತ್ತಿಡಬೇಕು. ಎಡಕ್ಕೆ ಸುತ್ತುವುದು ಸಾವಿನ ಮನೆಯಲ್ಲಿ ಮಾತ್ರ ಎಂದು ಅಮ್ಮ ಕೈಮೇಲೆ ಹೊಡೆದು ಕಲಿಸಿದ್ದಳು. ಮಕ್ಕಳಿಗೆ ವರ್ಷಾ ವರ್ಷಾ ಮೂಢನಂಬಿಕೆಯ ಪಾಠ ಮಾಡುವ ನಾನು ಗಂಡನ ಜೀಪಿಗೆ ಪ್ರದಕ್ಷಿಣೆ ಹಾಕಿ ಕೂತಿದ್ದೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಲ್ಲಿ ಬಿತ್ತಂತೆ. ತಮಾಷೆಯೆಂದರೆ, ಚರಂಡಿ ಇಲ್ಲದೆ ಜೀಪಿನ ಬಲಗಡೆ ಕೂತು ಸುತ್ತಿದ್ದರೆ ಅದೇ ಪ್ರದಕ್ಷಿಣೆ ಹಗ್ಗವನ್ನು ಕೆಳಗಿನಿಂದ ಒಯ್ಯುತ್ತಿತ್ತು. ಆದರೆ ನಗು ಬರಲಿಲ್ಲ. ಅಣ್ಣನ ಗಾಡಿಯಲ್ಲಿ ಹೋದ ಪೆಟ್ಟಿಗೆಯೇ ಕಣ್ಣಿಗೆ ಬರುತ್ತಿತ್ತು.

ಮನೆಗೆ ಬಂದು ಹೇಳಿದರೆ ಅವರು ನಂಬಲಿಲ್ಲ. "ನನ್ನ ಸಮಾಧಾನಕ್ಕೆ ಏಳ್ತಿದೀಯ, ಬುಡು" ಅಂದು ಟಿವಿ ಕಡೆ ತಿರುಗಿದರು. ಇನ್ನೂ ಬೆಳಕಿತ್ತು. ನಾನು ಸೀರೆ ಎತ್ತಿ ಕಟ್ಟಿ, ಒಬ್ಬಳೇ ಅಷ್ಟುದ್ದ ಹಗ್ಗವನ್ನೂ ಬಿಚ್ಚಿದೆ. ಕೆಳಗಿನಿಂದ ಸುತ್ತಲು ಕೂತರೆ ಕೈ ಪ್ರತಿ ಸುತ್ತಿಗೂ ತಡವರಿಸಿತು. ಏನೋ ಅಪಶಕುನ ಮಾಡುತ್ತಿದ್ದೇನೆ ಎಂದು ಅನ್ನಿಸಿದ್ದನ್ನು ಸುಳ್ಳು ಹೇಳದೆ ಬರೆಯುತ್ತೇನೆ. ವಿಂಚಿನ ಒಂದು ಬೋಲ್ಟನ್ನೂ ಮುಟ್ಟಲಿಲ್ಲ. ಸದ್ದು ಕೇಳಿ ಅವರು ಹೊರಗೆ ಬಂದು ನಿಂತು ನೋಡುತ್ತಿದ್ದರು.

ಮಾರನೆಯ ಬೆಳಿಗ್ಗೆ ಕೆರೆ ಏರಿಗೆ ಹೋದೆವು. ಈ ಸಲ ಎಳೆದದ್ದು ಇನ್ನೊಂದು ಗುಂಡಿ, ಮೊದಲು ಹಗ್ಗ ಬಿಚ್ಚುತ್ತಿದ್ದದ್ದು. ಜೀಪು ಅರ್ಧ ಹತ್ತಿತು. ಅವರು ಗುಂಡಿ ಬಿಟ್ಟರು. ಜೀಪು ನಿಂತಿತು. ಪೆಡಲಿನ ಮೇಲಿಂದ ಕಾಲು ತೆಗೆದರು, ಆಗಲೂ ನಿಂತಿತ್ತು. ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಟ್ಟು ಇಳಿದು ಬಂದರು.

"ಅಂಗಾರೆ ಮೊದಲ್ನೇ ಸಲಾನೇ ಸರಿ ಇತ್ತಾ?"

"ಹೂಂರೀ."

"ಮೂರು ಸಲಾನೂ?"

"ಮೂರು ಸಲಾನೂ ಸರಿಯಿತ್ತು. ತಪ್ಪು ನಂದು."

ಖುಷಿಪಡುತ್ತಾರೆ ಎಂದು ಕಾದೆ. ಕಡೇಪಕ್ಷ ಬೈಯುತ್ತಾರೆ ಅಂದುಕೊಂಡೆ. ಅವರು ಬಾಗಿ ವಿಂಚಿನ ಬೋಲ್ಟುಗಳ ಮೇಲೆ ಬೆರಳಾಡಿಸಿದರು, ಮೊದಲನೆಯದರಿಂದ ಕೊನೆಯದರವರೆಗೆ.

"ನಾನು ಸ್ನಾನಕ್ಕೆ ಓದಾಗ ಇವನ್ನ ತಿರುಗ್ಸಿ ನೋಡ್ತಿದ್ಯಲ್ಲ" ಅಂದರು, ದನಿ ಏರಿಸದೆ. "ಬಚ್ಚಲ ಕಿಟಕೀಲಿ ಕಾಣ್ತಿತ್ತು. ಒಂದಾದ್ರೂ ಅಳ್ಳಾಡ್ತಾ?"

"ಇಲ್ಲ."

"ಅದನ್ನಾದ್ರೂ ಏಳ್ಬೋದಿತ್ತಲ್ಲೇ."

ಹೇಳಬಹುದಿತ್ತು. ಮೂರು ಸಲವೂ ಹೇಳಬಹುದಿತ್ತು.